ಟ್ಯಾಂಕ್ ಒಳಗೆ ಕೂತವರನ್ನು ನಿಜವಾಗಿ ಕಾಯುವುದು ಯಾವುದು?

ಸಾಗರದ ಟೀಚರ್
ಎಲ್ಲರಿಗೂ ನಮಸ್ಕಾರ. ನಮ್ಮಣ್ಣನ ಮಗ ಸೇನೆಗೆ ಸೇರಿದ್ದಾನೆ, ಆರ್ಮರ್ಡ್ ರೆಜಿಮೆಂಟ್, ಅಂದರೆ ಟ್ಯಾಂಕ್ ದಳ. ಈಗ ಅಹಿಲ್ಯಾನಗರದಲ್ಲಿ, ಅಂದರೆ ಹಳೆ ಅಹ್ಮದ್‌ನಗರದಲ್ಲಿ ಟ್ರೈನಿಂಗ್ ನಡೆಯುತ್ತಿದೆ. ಮನೆಯಲ್ಲಿ ಎಲ್ಲರಿಗೂ ಹೆಮ್ಮೆ. ಆದರೆ ಅತ್ತಿಗೆ ಉಕ್ರೇನ್ ಯುದ್ಧದ ವಿಡಿಯೋಗಳನ್ನು ನೋಡಿ ಕಂಗಾಲಾಗಿದ್ದಾರೆ. ಟ್ಯಾಂಕಿಗೆ ಏನೋ ಬಡಿಯುತ್ತದೆ, ಮೇಲಿನ ಗೋಪುರ ಗನ್ ಸಮೇತ ಕಿತ್ತುಕೊಂಡು ಆಕಾಶಕ್ಕೆ ಹಾರುತ್ತದೆ. ಅದು ರಷ್ಯಾದ ಟಿ-72, ನಮ್ಮಲ್ಲೂ ಅದೇ ಇದೆ ಅಂತ ಯಾರೋ ಹೇಳಿಬಿಟ್ಟಿದ್ದಾರೆ. ಸುಮ್ನೆ "ಏನೂ ಆಗಲ್ಲ" ಅಂತ ಹೇಳಿ ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ. ಟ್ಯಾಂಕಿನ ಗನ್ ಹೇಗೆ ಕೆಲಸ ಮಾಡುತ್ತದೆ, ಒಳಗಿನವರಿಗೆ ಯಾವ ಯಾವ ರಕ್ಷಣೆ ಇದೆ, ಗೊತ್ತಿದ್ದವರು ಬಿಡಿಸಿ ಹೇಳುತ್ತೀರಾ?

ಗೋಪಾಳದ ಹುಡುಗ
ಟೀಚರ್, ನಾನು ಇಲ್ಲೇ ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಈ ವಿಷಯ ಬಹಳ ಓದುತ್ತೇನೆ. ನನ್ನ ಪ್ರಕಾರ ಟ್ಯಾಂಕ್ ಕಾಲ ಮುಗಿಯುತ್ತಾ ಬಂತು. ಕೆಲವು ನೂರು ಡಾಲರಿನ ಡ್ರೋನ್‌ಗೆ ಒಂದು ಆರ್‌ಪಿಜಿ (ಹೆಗಲ ಮೇಲಿಟ್ಟು ಹೊಡೆಯುವ ರಾಕೆಟ್) ಸಿಡಿತಲೆ ಕಟ್ಟಿ ಬಿಟ್ಟರೆ ಕೋಟಿಗಟ್ಟಲೆ ಬೆಲೆಯ ಟ್ಯಾಂಕ್ ಹೋಗುತ್ತದೆ. ಕವಚ ಎಲ್ಲಾ ಮುಂಭಾಗದಲ್ಲಿ ದಪ್ಪ. ತಲೆಯ ಮೇಲೆ ತೆಳು. ಡ್ರೋನ್ ಬರುವುದೇ ಮೇಲಿನಿಂದ.

ಹೊಸನಗರದ ಗನ್ನರ್
ಟೀಚರಮ್ಮ, ನಾನು ಟಿ-72ರಲ್ಲಿ ಗನ್ನರ್, ಅಂದರೆ ಗುರಿ ಇಟ್ಟು ಗನ್ ಹೊಡೆಯುವವನು, ಆಗಿದ್ದೆ. ಈಗ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ನಿಮ್ಮ ಅತ್ತಿಗೆಯವರು ನೋಡಿದ ವಿಡಿಯೋ ಸುಳ್ಳಲ್ಲ. ಅದು ಯಾಕೆ ಹಾಗಾಗುತ್ತದೆ ಅಂತ ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಟ್ಯಾಂಕ್ ನೋಡಲು ಬಂದವರೆಲ್ಲ ಮೊದಲು ಕೇಳುವುದು ಕವಚ ಎಷ್ಟು ದಪ್ಪ ಅಂತ. ಆಮೇಲೆ ಗನ್ ಎಷ್ಟು ದೊಡ್ಡದು ಅಂತ. ಗುಂಡುಗಳನ್ನು ಎಲ್ಲಿ ಇಡುತ್ತೀರಿ ಅಂತ ಕೇಳುವವರು ಕಡಿಮೆ. ಒಳಗೆ ಕೂತವನಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಟಿ-72ರಲ್ಲಿ ಮೂರೇ ಜನ. ಡ್ರೈವರ್ ಮುಂದೆ, ಕೆಳಗೆ. ಟರೆಟ್‌ನಲ್ಲಿ, ಅಂದರೆ ಆ ಮೇಲಿನ ಗೋಪುರದಲ್ಲಿ, ಎಡಕ್ಕೆ ಗನ್ನರ್, ಬಲಕ್ಕೆ ಕಮಾಂಡರ್. ಇಬ್ಬರ ನಡುವೆ 125 ಮಿ.ಮೀ. ಗನ್ನಿನ ಬ್ರೀಚ್, ಅಂದರೆ ಗುಂಡು ತುಂಬುವ ಹಿಂಬದಿ. ಪಕ್ಕದಲ್ಲೇ ಕೂತಿದ್ದರೂ ಕಮಾಂಡರ್ ಮುಖ ಕಾಣುವುದಿಲ್ಲ, ಮಾತೆಲ್ಲ ಇಂಟರ್‌ಕಾಮ್‌ನಲ್ಲಿ. ನಿಮ್ಮ ಪಾದದ ಕೆಳಗೆ ಒಂದು ದುಂಡನೆಯ ತಟ್ಟೆ ಇದೆ. ಅದಕ್ಕೆ ಕ್ಯಾರೊಸೆಲ್ ಅಂತೀವಿ. ಅದರಲ್ಲಿ 22 ಗುಂಡು. ಗುಂಡಿನ ತಲೆ ಬೇರೆ, ಅದನ್ನು ತಳ್ಳುವ ಮದ್ದಿನ ಚಾರ್ಜ್ ಬೇರೆ.

ಯಾವ ಗುಂಡು ಬೇಕು ಅಂತ ಆರಿಸಿ ಬಟನ್ ಒತ್ತಿದರೆ ಕಾಲ ಕೆಳಗೆ ತಟ್ಟೆ ತಿರುಗುತ್ತದೆ. ಗನ್ ತಾನಾಗಿ ಸ್ವಲ್ಪ ಮೇಲೆದ್ದು ಒಂದೇ ಕೋನದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಲಿಫ್ಟ್ ಗುಂಡನ್ನು ಮೇಲಕ್ಕೆ ತರುತ್ತದೆ, ರ‍್ಯಾಮರ್ ಒಳಗೆ ತಳ್ಳುತ್ತದೆ. ಮತ್ತೆ ಚಾರ್ಜ್ ಬರುತ್ತದೆ, ಅದೂ ಒಳಗೆ ಹೋಗುತ್ತದೆ. ಬ್ರೀಚ್ ಠಣ್ ಅಂತ ಮುಚ್ಚುತ್ತದೆ. ಗನ್ ಮತ್ತೆ ನೀವು ಗುರಿ ಇಟ್ಟ ಕಡೆಗೇ ಇಳಿಯುತ್ತದೆ. ಏಳೆಂಟು ಸೆಕೆಂಡಿನ ಕೆಲಸ. ಹೊಡೆದ ಮೇಲೆ ಚಾರ್ಜಿನ ಕವಚ ಪೂರ್ತಿ ಉರಿದುಹೋಗಿ ಉಕ್ಕಿನ ತಳ ಮಾತ್ರ ಉಳಿಯುತ್ತದೆ. ಟರೆಟ್ ಹಿಂಭಾಗದಲ್ಲಿ ಒಂದು ಸಣ್ಣ ಬಾಗಿಲು ತೆರೆದು ಆ ಬಿಸಿ ತಳವನ್ನು ಹೊರಗೆ ಎಸೆಯುತ್ತದೆ. ಆ ಒಂದು ಕ್ಷಣ ಹೊರಗಿನ ಬೆಳಕು ಒಳಗೆ ಬೀಳುತ್ತದೆ.

ಕ್ಯಾರೊಸೆಲ್ ತಳದಲ್ಲಿದೆ. ಎದುರಿನಿಂದ ಹೊಡೆದವನಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಇನ್ನೂ ಸುಮಾರು ಅಷ್ಟೇ ಗುಂಡುಗಳನ್ನು ಟರೆಟ್ ಗೋಡೆಗೆ, ಸೀಟಿನ ಹಿಂದೆ, ಡೀಸೆಲ್ ಟ್ಯಾಂಕಿನ ಪಕ್ಕ, ಸಿಕ್ಕ ಸಿಕ್ಕ ಸಂದಿಯಲ್ಲಿ ಇಡಲು ಜಾಗ ಮಾಡಿದ್ದಾರೆ. ಕವಚ ತೂತಾಗಿ ಕೆಂಪಗೆ ಕಾದ ಒಂದು ಚೂರು ಆ ಚಾರ್ಜಿಗೆ ತಗುಲಿದರೆ ಸಾಕು. ಒಂದು ಹತ್ತಿದರೆ ಪಕ್ಕದ್ದೂ ಹತ್ತುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಅಷ್ಟು ಗ್ಯಾಸ್ ಒಮ್ಮೆಲೇ ಹುಟ್ಟಿದರೆ ಅದು ಹೊರಬರಲು ದಾರಿ ಹುಡುಕುತ್ತದೆ. ಟರೆಟ್ ಕೂತಿರುವ ಉಂಗುರವೇ ಆ ದಾರಿ. ನೀವು ನೋಡಿದ್ದು ಅದನ್ನೇ.

ಗೋಪಾಳದ ಹುಡುಗ
ಸಾರ್, ಇದು ಗೊತ್ತಿದ್ದೂ ಯಾಕೆ ಹಾಗೆ ಡಿಸೈನ್ ಮಾಡಿದರು? ಅಮೆರಿಕದ ಏಬ್ರಮ್ಸ್‌ನಲ್ಲಿ ಹೀಗಿಲ್ಲವಲ್ಲ.

ಹೊಸನಗರದ ಗನ್ನರ್
ತೂಕಕ್ಕಾಗಿ, ಎತ್ತರಕ್ಕಾಗಿ. ಟಿ-72 ಹತ್ತಿರ ಹತ್ತಿರ 41 ಟನ್. ಅದರ ಮುಂದಿನ ಟಿ-90, 46 ಟನ್ ದಾಟುತ್ತದೆ. ಏಬ್ರಮ್ಸ್ 60 ಟನ್ ಮೀರಿದ್ದು. ಲೋಡರ್ ಅಂತ ನಾಲ್ಕನೆಯವನು ಬೇಕು ಅಂದರೆ ಅವನು ನಿಂತು ಕೆಲಸ ಮಾಡುವಷ್ಟು ಜಾಗ ಬೇಕು. ಆ ಜಾಗದ ಸುತ್ತ ಮತ್ತೆ ಕವಚ ಬೇಕು. ತೂಕ ಏರುತ್ತಲೇ ಹೋಗುತ್ತದೆ. ಮೆಷಿನ್ ಲೋಡ್ ಮಾಡಿದರೆ ಟ್ಯಾಂಕ್ ತಗ್ಗಾಗಿ, ಚಿಕ್ಕದಾಗಿ ಇರುತ್ತದೆ. ಚಿಕ್ಕದಾದ ಗುರಿಗೆ ಪೆಟ್ಟು ಬೀಳುವುದೂ ಕಡಿಮೆ. ಆ ಲೆಕ್ಕವೂ ಸರಿಯೇ.

ಏಬ್ರಮ್ಸ್‌ನಲ್ಲಿ ಬಹುಪಾಲು ಗುಂಡು ಟರೆಟ್ ಹಿಂಭಾಗದ ಬೇರೆ ಕೋಣೆಯಲ್ಲಿ. ನಡುವೆ ದಪ್ಪ ಉಕ್ಕಿನ ಜಾರುಬಾಗಿಲು. ಲೋಡರ್ ಮೊಣಕಾಲಿನಿಂದ ಸ್ವಿಚ್ ಒತ್ತಿದಾಗ ತೆರೆಯುತ್ತದೆ, ಗುಂಡು ಎಳೆದ ಕೂಡಲೇ ಮುಚ್ಚುತ್ತದೆ. ಕೋಣೆಯ ಸೂರಿನ ಹಲಗೆಗಳನ್ನು ಬೇಕೆಂದೇ ಬಲ ಕಡಿಮೆ ಮಾಡಿ ಕೂರಿಸಿರುತ್ತಾರೆ. ಒಳಗೆ ಬೆಂಕಿ ಹತ್ತಿದರೆ ಆ ಹಲಗೆ ಹಾರಿಹೋಗಿ ಜ್ವಾಲೆ ಆಕಾಶಕ್ಕೆ ಹೋಗುತ್ತದೆ. ಬಾಗಿಲು ಮುಚ್ಚಿದ್ದರೆ ಈಚೆ ಇರುವವರು ಇಳಿದು ಓಡಬಹುದು.

ನಮ್ಮ ದೇಶದಲ್ಲೇ ಮಾಡಿದ ಅರ್ಜುನ್ ಟ್ಯಾಂಕಿನಲ್ಲೂ ನಾಲ್ಕು ಜನ. ಅರ್ಜುನ್ ಮಾರ್ಕ್ 1ಎಯಲ್ಲಿ ಒಂದೊಂದು ಗುಂಡಿಗೂ ಬೇರೆ ಶಟರ್ ಇರುವ ಪೆಟ್ಟಿಗೆ ಕೊಟ್ಟಿದ್ದಾರೆ. ಒಂದು ಗುಂಡು ತೆಗೆಯುವಾಗ ಉಳಿದವು ಮುಚ್ಚಿಯೇ ಇರುತ್ತವೆ. ನನಗೆ ಆ ಟ್ಯಾಂಕಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಅದೇ.

ಆದರೆ ಪಶ್ಚಿಮದ್ದೆಲ್ಲ ಒಳ್ಳೆಯದು, ರಷ್ಯಾದ್ದು ಕೆಟ್ಟದ್ದು ಅಂತ ತಿಳಿಯಬೇಡಿ. ಜರ್ಮನಿಯ ಲೆಪರ್ಡ್ 2ರಲ್ಲಿ ಟರೆಟ್ ಹಿಂದೆ 15 ಗುಂಡು ಮಾತ್ರ. ಉಳಿದ 27 ಡ್ರೈವರ್ ಪಕ್ಕದಲ್ಲಿ. 2016ರಲ್ಲಿ ಸಿರಿಯಾದ ಅಲ್-ಬಾಬ್ ಹತ್ತಿರ ಟರ್ಕಿಯ ಲೆಪರ್ಡ್ ಟ್ಯಾಂಕುಗಳಿಗೂ ಟರೆಟ್ ಕಿತ್ತುಹೋಗುವ ಗತಿ ಬಂತು. ರಷ್ಯಾದವರೂ ಕಲಿತಿದ್ದಾರೆ. ಟಿ-90ರ ಹೊಸ ರೂಪ ಟಿ-90ಎಂನಲ್ಲಿ ಹೆಚ್ಚುವರಿ ಗುಂಡಿಗೆ ಟರೆಟ್ ಹಿಂದೆ ಹೊರಗಡೆ ಬೇರೆ ಪೆಟ್ಟಿಗೆ ಮಾಡಿದ್ದಾರೆ.

ಭದ್ರಾವತಿ ಫೋರ್ಜ್‌ಶಾಪ್
ನಾನು ಭದ್ರಾವತಿ ಕಾರ್ಖಾನೆಯಲ್ಲಿ ಸ್ಪೆಷಲ್ ಸ್ಟೀಲ್ ಕೆಲಸದಲ್ಲಿ ಇದ್ದು ನಿವೃತ್ತನಾದವನು. ಗನ್ನರ್ ಅವರು ಒಳಗಿನಿಂದ ಹೇಳಿದರು. ನಾನು ಉಕ್ಕಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಜನ ತಿಳಿಯುವುದು ಉಕ್ಕು ಎಷ್ಟು ಗಡಸೋ ಅಷ್ಟು ಒಳ್ಳೆಯದು ಅಂತ. ಹಾಗಲ್ಲ ಮಾರಾಯ್ರೆ. ಬರೀ ಗಡಸು ಮಾಡಿದರೆ ಪೆಟ್ಟು ಬಿದ್ದಾಗ ಬಿರಿಯುತ್ತದೆ. ಗುಂಡು ಒಳಗೆ ಬರದಿದ್ದರೂ ಒಳಮೈಯಿಂದ ಚಕ್ಕೆಗಳು ಎದ್ದು ಒಳಗಿದ್ದವರಿಗೆ ಬಡಿಯುತ್ತವೆ. ತೀರಾ ಮೆದು ಬಿಟ್ಟರೆ ಗುಂಡು ತೂರಿಕೊಂಡೇ ಬರುತ್ತದೆ. ಆದ್ದರಿಂದ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದುತ್ತಾರೆ. ಆಗ ಗಡಸಾಗುತ್ತದೆ. ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಟೆಂಪರ್ ಮಾಡುತ್ತಾರೆ. ಆಗ ತಾಳಿಕೆ ಬರುತ್ತದೆ. ಆಮೇಲೆ ಗಡಸುತನ ಅಳೆಯುವ ಬ್ರಿನೆಲ್ ಮೆಷಿನ್ನಿನಲ್ಲಿ ಒಂದು ಗುಂಡನೆಯ ಬಾಲ್ ಒತ್ತಿ, ಬಿದ್ದ ಗುಳಿಯ ಅಗಲವನ್ನು ಭೂತಗನ್ನಡಿಯಲ್ಲಿ ಅಳೆದು ನೋಡಬೇಕು. ದಪ್ಪ ಪ್ಲೇಟಿನಲ್ಲಿ ಕಷ್ಟ ಏನೆಂದರೆ ಮೇಲ್ಮೈ ಬೇಗ ತಣಿಯುತ್ತದೆ, ನಡುಭಾಗ ನಿಧಾನ. ಎರಡೂ ಕಡೆ ಒಂದೇ ಗುಣ ತರುವುದರಲ್ಲೇ ಕೆಲಸಗಾರನ ಕೈ ಗೊತ್ತಾಗುವುದು.

ಓರೆ ಮಾಡುವುದು ಇನ್ನೊಂದು ಉಪಾಯ. ಹಳೆ ಟಿ-55ರ ಮುಂಭಾಗದ ಪ್ಲೇಟ್ 100 ಮಿ.ಮೀ. ನೆಟ್ಟಗಿನಿಂದ 60 ಡಿಗ್ರಿ ಹಿಂದಕ್ಕೆ ಬಾಗಿದೆ. ನೇರ ಬರುವ ಗುಂಡಿಗೆ ಅದು 200 ಮಿ.ಮೀ. ದಪ್ಪವಾಗುತ್ತದೆ.

ಈಗಿನ ಟ್ಯಾಂಕಿನ ಮುಂಭಾಗ ಬರೀ ಉಕ್ಕಲ್ಲ. ಉಕ್ಕಿನ ಪದರಗಳ ನಡುವೆ ಸೆರಾಮಿಕ್, ರಬ್ಬರ್, ಬೇರೆ ಬೇರೆ ವಸ್ತು. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಇದು ಬೆಳೆಯಿತು, ಚೋಭಮ್ ಅಂತ ಹೆಸರಾಯಿತು. ನಮ್ಮ ಅರ್ಜುನ್‌ಗೆ ಹೈದರಾಬಾದಿನ ಡಿಎಂಆರ್‌ಎಲ್ ಲ್ಯಾಬ್ ಕಾಂಚನ್ ಕವಚ ಮಾಡಿತು. ಒಳಗೆ ಯಾವ ಪದರ, ಎಷ್ಟು ಅನ್ನುವುದನ್ನು ಯಾವ ದೇಶವೂ ಹೊರಗೆ ಬಿಡುವುದಿಲ್ಲ.

ತೀರ್ಥಹಳ್ಳಿ ಕೃಷಿಕ
ಒಳ್ಳೆ ಮಾಹಿತಿ. ನನ್ನದೊಂದು ಸಂಶಯ. ಆರ್‌ಪಿಜಿ ಗುಂಡು ಉಕ್ಕನ್ನು ಕರಗಿಸಿಕೊಂಡು ಒಳಗೆ ಹೋಗುತ್ತದೆ ಅಂತ ಟಿವಿಯಲ್ಲಿ ಹೇಳುತ್ತಾರೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉಕ್ಕು ಹೇಗೆ ಕರಗುತ್ತದೆ?

ಗೋಪಾಳದ ಹುಡುಗ
ಕರಗುವುದಿಲ್ಲ ಅಣ್ಣ. ಅದು ಹೀಟ್ (HEAT) ರೌಂಡ್, ಅಂದರೆ ಟ್ಯಾಂಕ್ ತೂರುವ ಸ್ಫೋಟಕ ಗುಂಡು; ಅದು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು, ಶಾಖ ಅಂತ ಅರ್ಥವಲ್ಲ. ಸಿಡಿತಲೆಯ ಒಳಗೆ ತಾಮ್ರದ ಆಲಿಕೆ ಇರುತ್ತದೆ, ಅದರ ಬಾಯಿ ಮುಂದಕ್ಕೆ. ಹಿಂದೆ ಸ್ಫೋಟಕ. ಸಿಡಿದಾಗ ಆಲಿಕೆ ಒಳಮುಖವಾಗಿ ಕುಸಿದು ತಾಮ್ರ ಒಂದು ಸಣ್ಣ ಎಳೆಯಾಗಿ ಮುಂದಕ್ಕೆ ಚಿಮ್ಮುತ್ತದೆ. ಎಳೆಯ ತುದಿಯ ವೇಗ ಸೆಕೆಂಡಿಗೆ 8-9 ಕಿ.ಮೀ. ಆ ಒತ್ತಡದ ಮುಂದೆ ಉಕ್ಕಿನ ಬಲ ಲೆಕ್ಕಕ್ಕೇ ಇಲ್ಲ. ಪಂಪ್‌ಸೆಟ್ ಪೈಪಿನ ನೀರು ಗದ್ದೆ ಬದುವಿಗೆ ಬಡಿದರೆ ಮಣ್ಣು ಹೇಗೆ ಪಕ್ಕಕ್ಕೆ ಸರಿದು ತೂತಾಗುತ್ತದೋ ಹಾಗೆ ಉಕ್ಕು ಪಕ್ಕಕ್ಕೆ ಸರಿಯುತ್ತದೆ. ಶಾಖದ ಕೆಲಸವಲ್ಲ, ಒತ್ತಡದ ಕೆಲಸ.

ಈ ಎಳೆ ಸರಿಯಾಗಿ ಕಟ್ಟಿಕೊಳ್ಳಲು ಒಂದಿಷ್ಟು ದೂರ ಬೇಕು. ಎಳೆ ತುಂಡಾದರೆ, ಅಡ್ಡಾದಿಡ್ಡಿಯಾದರೆ ಶಕ್ತಿ ಹೋಗುತ್ತದೆ. ಟ್ಯಾಂಕ್ ಮೇಲೆ ಇಟ್ಟಿಗೆ ಜೋಡಿಸಿದ ಹಾಗೆ ಡಬ್ಬಿಗಳು ಕಾಣುತ್ತವಲ್ಲ, ಅವು ಇದಕ್ಕೇ. ಎರಡು ಉಕ್ಕಿನ ತಗಡಿನ ನಡುವೆ ಸ್ಫೋಟಕ ಇರುತ್ತದೆ. ಎಳೆ ಬಡಿದ ಕೂಡಲೇ ಡಬ್ಬಿ ಸಿಡಿದು ತಗಡುಗಳು ಓರೆಯಾಗಿ ಹಾರಿ ಎಳೆಯನ್ನು ಕತ್ತರಿಸುತ್ತವೆ. ಇಸ್ರೇಲ್ 1982ರ ಲೆಬನಾನ್ ಯುದ್ಧದಲ್ಲಿ ಇದನ್ನು ಕಟ್ಟಿಕೊಂಡು ಹೋಗಿತ್ತು. ನಮ್ಮ ಟಿ-72, ಟಿ-90 ಮೇಲೂ ಇವೆ. ಇದಕ್ಕೆ ಎದುರಾಗಿ ಎರಡು ತಲೆಯ ಕ್ಷಿಪಣಿ ಬಂತು. ಮುಂದಿನ ಸಣ್ಣ ತಲೆ ಡಬ್ಬಿಯನ್ನು ಸಿಡಿಸುತ್ತದೆ, ಹಿಂದಿನ ದೊಡ್ಡದು ಕವಚಕ್ಕೆ ಹೋಗುತ್ತದೆ.

ಹೊಸನಗರದ ಗನ್ನರ್
ಚೆನ್ನಾಗಿ ಹೇಳಿದೆ ತಮ್ಮಾ. ಒಂದು ಸೇರಿಸುತ್ತೇನೆ. ಡಬ್ಬಿ ಸಿಡಿಯುವಾಗ ಪಕ್ಕದಲ್ಲಿ ನಡೆಯುವ ನಮ್ಮ ಪದಾತಿ ಹುಡುಗರಿಗೆ ಅಪಾಯ. ಡಬ್ಬಿ ಒಮ್ಮೆ ಸಿಡಿದರೆ ಆ ಜಾಗ ಖಾಲಿ.

ಟ್ಯಾಂಕ್ ಟ್ಯಾಂಕಿಗೆ ಹೊಡೆಯುವಾಗ ಮೊದಲು ಆರಿಸುವುದು ಹೀಟ್ ಅಲ್ಲ. ಎಫ್‌ಎಸ್‌ಎಪಿಡಿಎಸ್ ಅಂತ ಉದ್ದದ ಹೆಸರು. ಟಂಗ್‌ಸ್ಟನ್ ಮಿಶ್ರಲೋಹದ ಒಂದು ಉದ್ದನೆ ಸಣ್ಣ ಸರಳು, ಹಿಂದೆ ರೆಕ್ಕೆ. ಬ್ಯಾರಲ್ಲಿಗಿಂತ ಬಹಳ ಸಣ್ಣದು, ಆದ್ದರಿಂದ ಸುತ್ತ ಸೇಬೊ ಅನ್ನೋ ಹೊದಿಕೆ ಇರುತ್ತದೆ. ಬಾಯಿ ದಾಟಿದ ಕೂಡಲೇ ಹೊದಿಕೆ ಹೋಳಾಗಿ ಕಳಚಿ ಬೀಳುತ್ತದೆ, ಸರಳು ಒಂದೇ ಮುಂದೆ ಹೋಗುತ್ತದೆ. ವೇಗ ಸೆಕೆಂಡಿಗೆ 1,500 ಮೀಟರ್ ದಾಟಿ 1,700ರ ಆಸುಪಾಸು. ಎರಡು ಕಿ.ಮೀ. ದೂರದ ಗುರಿಗೆ ಒಂದೂಕಾಲು ಸೆಕೆಂಡು. ಇದರಲ್ಲಿ ಸ್ಫೋಟಕ ಒಂದು ಚೂರೂ ಇಲ್ಲ. ವೇಗ ಮತ್ತು ಭಾರದಿಂದಲೇ ತೂರುತ್ತದೆ. ಇದನ್ನು ಡಬ್ಬಿ ಕಟ್ಟಿ ತಡೆಯುವುದು ಕಷ್ಟ. ಟಿ-90ರ ಕಾಂಟಾಕ್ಟ್-5 ನಮೂನೆಯ ಡಬ್ಬಿಯ ತಗಡು ದಪ್ಪ, ಅದು ಸರಳನ್ನೂ ಸ್ವಲ್ಪ ಬಗ್ಗಿಸುತ್ತದೆ, ಮುರಿಯುತ್ತದೆ.

ಈ ಸರಳಿಗೆ ತಿರುಗುವುದು ಬೇಕಾಗಿಲ್ಲ, ರೆಕ್ಕೆ ಇದೆ. ಹೀಟ್ ರೌಂಡ್ ಜೋರಾಗಿ ತಿರುಗಿದರೆ ಅದರ ಎಳೆ ಹರಡಿಹೋಗುತ್ತದೆ. ಹಾಗಾಗಿ ಹೆಚ್ಚಿನವರು ಒಳಗೆ ನುಣುಪಾದ ಬ್ಯಾರಲ್ಲಿಗೆ ಬಂದರು. ಆದರೆ ಅರ್ಜುನ್ 120 ಮಿ.ಮೀ. ರೈಫಲಿಂಗ್ ಗನ್, ಅಂದರೆ ಒಳಗೆ ಸುರುಳಿ ಗೀರುಗಳಿರುವ ಗನ್, ಇಟ್ಟುಕೊಂಡಿದೆ. ಅದರಲ್ಲಿ ಹೆಶ್ ಗುಂಡು ಹೊಡೆಯಬಹುದು. ಅದು ಗೋಡೆಗೆ ಮೆತ್ತಿಕೊಂಡು ಆಮೇಲೆ ಸಿಡಿಯುತ್ತದೆ. ಬಂಕರ್, ಕಟ್ಟಡಕ್ಕೆ ಬಹಳ ಒಳ್ಳೆಯದು. ಟಿ-90 ತನ್ನ ಗನ್ನಿನ ಬಾಯಿಂದಲೇ ಇನ್ವಾರ್ ಕ್ಷಿಪಣಿ ಬಿಡುತ್ತದೆ, 5 ಕಿ.ಮೀ. ದೂರದವರೆಗೆ.

ಭದ್ರಾವತಿ ಫೋರ್ಜ್‌ಶಾಪ್
ಆ ಬ್ಯಾರಲ್ ಬಗ್ಗೆಯೂ ಹೇಳಲೇಬೇಕು. ಒಳಗಿನ ಒತ್ತಡ ಸಾವಿರಾರು ಬಾರ್. ಫೋರ್ಜ್ ಮಾಡಿದ ನಳಿಗೆಯನ್ನು ಹಾಗೇ ಬಳಸಿದರೆ ಒಳಮೈ ಬೇಗ ಬಿರುಕು ಬಿಡುತ್ತದೆ. ಅದಕ್ಕೆ ತಯಾರಿಕೆಯಲ್ಲೇ ಒಳಗಿನಿಂದ ಭಾರೀ ಒತ್ತಡ ಕೊಟ್ಟು ಒಳಪದರವನ್ನು ಸ್ವಲ್ಪ ಹಿಗ್ಗಿಸಿಬಿಡುತ್ತಾರೆ. ಒತ್ತಡ ತೆಗೆದಾಗ ಹೊರಪದರ ವಾಪಸ್ ಬಂದು ಒಳಪದರವನ್ನು ಬಿಗಿಯಾಗಿ ಅಮುಕಿ ಹಿಡಿಯುತ್ತದೆ. ಆಟೊಫ್ರೆಟೇಜ್ ಅಂತ ಹೆಸರು. ಗುಂಡು ಹೊಡೆದಾಗ ಮೊದಲು ಆ ಅಮುಕುವಿಕೆ ಸಡಿಲಾಗಬೇಕು, ಆಮೇಲೆ ಎಳೆತ ಶುರು. ಬ್ಯಾರಲ್ ಆಯಸ್ಸು ಹೆಚ್ಚುವುದು ಇದರಿಂದ.

ಬಿಸಿಲು ಒಂದೇ ಬದಿಗೆ ಬಿದ್ದರೂ ಬ್ಯಾರಲ್ ಕೂದಲೆಳೆಯಷ್ಟು ಬಾಗುತ್ತದೆ. ಎರಡು ಕಿ.ಮೀ. ದೂರಕ್ಕೆ ಅಷ್ಟು ಸಾಕು ಗುರಿ ತಪ್ಪಲು. ಅದಕ್ಕೇ ಮೇಲೆ ಒಂದು ಹೊದಿಕೆ ಹಾಕಿರುತ್ತಾರೆ.

ಸಾಗರದ ಟೀಚರ್
ಎಲ್ಲರಿಗೂ ತುಂಬಾ ಧನ್ಯವಾದ. ಅತ್ತಿಗೆಗೆ ಓದಿ ಹೇಳುತ್ತಿದ್ದೇನೆ. ಅವರ ಪ್ರಶ್ನೆ: ಯಾರೋ ನಮ್ಮ ಕಡೆ ಗುರಿ ಇಡುತ್ತಿದ್ದಾರೆ ಅಂತ ಒಳಗಿದ್ದವರಿಗೆ ಗೊತ್ತಾಗುತ್ತದಾ? ಬೆಂಕಿ ಹತ್ತಿದರೆ ಆರಿಸುವ ವ್ಯವಸ್ಥೆ ಇಲ್ಲವಾ?

ಹೊಸನಗರದ ಗನ್ನರ್
ಎರಡೂ ಇದೆ ಅಮ್ಮಾ. ಎದುರಾಳಿ ದೂರ ಅಳೆಯಲು ಲೇಸರ್ ಬಿಟ್ಟರೆ ಅದನ್ನು ಹಿಡಿಯುವ ಸೆನ್ಸರ್ ಇರುವ ಟ್ಯಾಂಕ್‌ಗಳಲ್ಲಿ ಯಾವ ದಿಕ್ಕಿನಿಂದ ಅಂತ ತಕ್ಷಣ ಎಚ್ಚರಿಕೆ ಬರುತ್ತದೆ. ಟರೆಟ್ ಪಕ್ಕದ ಕೊಳವೆಗಳಿಂದ ಹೊಗೆ ಗ್ರೆನೇಡ್ ಹಾರಿಸಬಹುದು. ಕೆಲವೇ ಸೆಕೆಂಡಿನಲ್ಲಿ ಮುಂದೆ ಹೊಗೆಯ ಗೋಡೆ ನಿಲ್ಲುತ್ತದೆ. ಡ್ರೈವರ್ ಆಗ ರಿವರ್ಸ್ ತೆಗೆದುಕೊಂಡು ಜಾಗ ಬದಲಿಸಬೇಕು. ಅಲ್ಲೇ ನಿಂತರೆ ಹೊಗೆಯಿಂದ ಪ್ರಯೋಜನವಿಲ್ಲ. ಟಿ-72ರಲ್ಲಿ ಡೀಸೆಲ್ಲನ್ನು ಬಿಸಿ ಎಕ್ಸಾಸ್ಟ್‌ಗೆ ಚಿಮುಕಿಸಿ ಹೊಗೆ ಎಬ್ಬಿಸುವುದೂ ಇದೆ. ಮಾಮೂಲಿ ಹೊಗೆ, ಶಾಖ ಹಿಡಿದು ನೋಡುವ ಥರ್ಮಲ್ ಸೈಟ್‌ಗೆ ಅಡ್ಡ ಬರುವುದಿಲ್ಲ. ಅದಕ್ಕೆ ಶಾಖದ ಕಿರಣವನ್ನೂ ತಡೆಯುವ ಬೇರೆ ಹೊಗೆ ಬೇಕು.

ಬೆಂಕಿಗೆ ಕಿಡಿ ಗುರುತಿಸುವ ಸೆನ್ಸರ್‌ಗಳಿವೆ. ಡೀಸೆಲ್ ಹತ್ತಿಕೊಂಡರೆ ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಆರಿಸುವ ಗ್ಯಾಸ್ ಬಿಡುತ್ತವೆ. ಹುಡುಗರು ಸುಟ್ಟುಹೋಗದೆ ಉಳಿದಿರುವುದು ಇದರಿಂದ. ಆದರೆ ಮದ್ದಿನ ಚಾರ್ಜ್ ಹತ್ತಿದರೆ ಇದು ನಡೆಯುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕ ಮದ್ದಿನೊಳಗೇ ಇರುತ್ತದೆ. ಅದಕ್ಕೇ ಮತ್ತೆ ಮತ್ತೆ ಹೇಳುವುದು, ಗುಂಡು ಎಲ್ಲಿದೆ ಅನ್ನುವುದು ಮುಖ್ಯ.

ಆಗುಂಬೆ ಕಡೆಯವ
ನಮ್ಮಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಜುಲೈನಲ್ಲಿ ಘಾಟಿಯಲ್ಲಿ ಮುಂದಿನ ಬಸ್ಸಿನ ಲೈಟೇ ಕಾಣುವುದಿಲ್ಲ. ಇಂಥ ಮಂಜಿನಲ್ಲಿ ಥರ್ಮಲ್ ಕ್ಯಾಮೆರಾಕ್ಕೆ ಕಾಣುತ್ತದಾ?

ಗೋಪಾಳದ ಹುಡುಗ
ತೆಳು ಮಬ್ಬು, ಧೂಳು, ಕತ್ತಲೆ ಇದ್ದರೆ ಕಾಣುತ್ತದೆ. ನಿಮ್ಮ ಕಡೆಯ ದಟ್ಟ ಮಂಜಿನಲ್ಲಿ, ಜಡಿಮಳೆಯಲ್ಲಿ ನೀರಿನ ಹನಿಗಳೇ ಶಾಖದ ಕಿರಣವನ್ನು ಹೀರಿ ಚದುರಿಸುತ್ತವೆ. ಎಷ್ಟೋ ಹತ್ತಿರ ಬರುವವರೆಗೆ ಕಾಣುವುದಿಲ್ಲ. ದೂರ ಅಳೆಯುವ ಲೇಸರ್ರೂ ಹಾಗೇ, ಹನಿಗೆ ಬಡಿದು ಸುಳ್ಳು ಲೆಕ್ಕ ಕೊಡಬಹುದು. ಗನ್ ಕಂಪ್ಯೂಟರ್ ಗಾಳಿ, ಮದ್ದಿನ ಬಿಸಿ, ಬ್ಯಾರಲ್ ಸವೆತ, ಟ್ಯಾಂಕ್ ಯಾವ ಕಡೆ ವಾಲಿದೆ ಎಲ್ಲಾ ಸೇರಿಸಿ ಲೆಕ್ಕ ಹಾಕುತ್ತದೆ. ದೂರವೇ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ.

ತೀರ್ಥಹಳ್ಳಿ ಕೃಷಿಕ
ನಮ್ಮ ಘಾಟಿಗೆ ಟ್ಯಾಂಕ್ ತರುವುದೇ ಕಷ್ಟ ಬಿಡಿ. ಇಲ್ಲಿನ ಸೇತುವೆಗಳು 68 ಟನ್ ಅರ್ಜುನ್ ತಡೆಯುತ್ತವಾ?

ಸೇತುವೆ ಎಂಜಿನಿಯರ್
ಇದು ನನ್ನ ವಿಷಯ. ನಿಮಗೆ ಆಶ್ಚರ್ಯವಾಗಬಹುದು, ನೀವು ದಿನಾ ದಾಟುವ ಹೆದ್ದಾರಿ ಸೇತುವೆಯ ಲೆಕ್ಕದಲ್ಲಿ ಒಂದು ಟ್ಯಾಂಕ್ ಕೂತಿದೆ. ಭಾರತದ ರಸ್ತೆ ಸೇತುವೆಗಳ ನಿಯಮದಲ್ಲಿ 70ಆರ್ ಅಂತ ಒಂದು ಲೋಡ್ ಇದೆ. ಅದರ ಒಂದು ರೂಪ ಚೈನಿನ ಮೇಲೆ ಓಡುವ 70 ಟನ್ ವಾಹನ. ಒಂದೊಂದು ಚೈನ್ 4.57 ಮೀಟರ್ ಉದ್ದ, 84 ಸೆಂ.ಮೀ. ಅಗಲ ನೆಲ ಮುಟ್ಟುತ್ತದೆ ಅಂತ ಹಿಡಿದು ನಾವು ಸ್ಲ್ಯಾಬ್, ಗರ್ಡರ್ ಲೆಕ್ಕ ಹಾಕುತ್ತೇವೆ. ಭಾಗಿಸಿ ನೋಡಿ, ಚದರ ಸೆಂ.ಮೀ.ಗೆ ಒಂದು ಕೆ.ಜಿ.ಗಿಂತ ಕಡಿಮೆ. ಚೈನ್ ಇರುವುದೇ ಭಾರ ಹಂಚಲು.

ತೊಂದರೆ ಹಳೆ ಊರಸೇತುವೆ, ಮೋರಿ, ಕಿರಿದಾದ ತಿರುವುಗಳಲ್ಲಿ. ಕವಚ ಹೆಚ್ಚಿಸಿದಷ್ಟೂ ಟ್ಯಾಂಕ್ ಹೋಗಬಹುದಾದ ದಾರಿ ಕಡಿಮೆಯಾಗುತ್ತದೆ. ಸೇನೆಗೆ ಸರ್ವತ್ರ ಅಂತ ಲಾರಿ ಮೇಲೆ ಹೊತ್ತೊಯ್ಯುವ ಸೇತುವೆ ಇರುವುದು ಅದಕ್ಕೇ. ಲಡಾಖ್‌ನಂಥ ಎತ್ತರದ ಜಾಗಕ್ಕೆ ಅಂತಲೇ 25 ಟನ್ ತೂಕದ, 105 ಮಿ.ಮೀ. ಗನ್ನಿನ ಜೋರಾವರ್ ಮಾಡಿದರು. 2024ರ ಜುಲೈನಲ್ಲಿ ಅದನ್ನು ಹಜೀರಾದಲ್ಲಿ ತೋರಿಸಿದರು. ಕವಚ ಕಡಿಮೆ ಮಾಡಿದ್ದಾರೆ, ಓಡಾಟ ಹೆಚ್ಚಿಸಿದ್ದಾರೆ.

ಭಾರ ಎಳೆಯಲು ಎಂಜಿನ್ ಬೇಕಲ್ಲ, ಅದರಲ್ಲೂ ನಮ್ಮ ರಾಜ್ಯದ ಪಾಲಿದೆ. ಮುಂದಿನ ಟ್ಯಾಂಕುಗಳಿಗೆ ಅಂತ ತಯಾರಾಗುತ್ತಿರುವ 1,500 ಅಶ್ವಶಕ್ತಿಯ ದೇಶೀ ಎಂಜಿನ್ ಮೊದಲ ಸಲ ಚಾಲೂ ಆದದ್ದು ಮೈಸೂರಿನ ಬೆಮೆಲ್‌ನಲ್ಲಿ, 2024ರ ಮಾರ್ಚ್ 20ರಂದು.

ಎನ್‌ಸಿಸಿ ಮೇಷ್ಟ್ರು, ಶಿಕಾರಿಪುರ
ನೆಲದ ಮಾತು ಬಂದಾಗ ಪಂಜಾಬಿನ ಅಸಲ್ ಉತ್ತರ್ ಕಾಳಗ ನೆನಪಾಗುತ್ತದೆ. 1965ರ ಸೆಪ್ಟೆಂಬರ್. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಆಗಿನ ಕಾಲಕ್ಕೆ ನಮ್ಮ ಟ್ಯಾಂಕುಗಳಿಗಿಂತ ಹೊಸವು. ನಮ್ಮವರು ಕಬ್ಬಿನ ಗದ್ದೆಗಳಿಗೆ ನೀರು ಬಿಟ್ಟರು. ಪ್ಯಾಟನ್‌ಗಳು ಕೆಸರಲ್ಲಿ ನಿಧಾನವಾದವು, ಎತ್ತರದ ಕಬ್ಬಿನಲ್ಲಿ ಕಣ್ಣು ಕಾಣದಂತಾದವು. ನಮ್ಮ ಸೈನಿಕ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ 106 ಮಿ.ಮೀ. ರಿಕಾಯಿಲ್‌ಲೆಸ್ ಗನ್ನಿನಿಂದ ಒಂದಾದ ಮೇಲೊಂದು ಟ್ಯಾಂಕ್ ಕೆಡವಿ ಅಲ್ಲೇ ಪ್ರಾಣ ಕೊಟ್ಟರು. ಜೀಪಿಗೆ ಕವಚವೇ ಇರಲಿಲ್ಲ. ಪರಮವೀರ ಚಕ್ರ ಬಂತು.

1971ರ ಡಿಸೆಂಬರ್ 16, ಬಸಂತರ್ ಕಾಳಗ. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್‌ಗೆ 21 ವರ್ಷ. ಸೆಂಚೂರಿಯನ್ ಟ್ಯಾಂಕಿಗೆ ಪೆಟ್ಟು ಬಿದ್ದು ಬೆಂಕಿ ಹತ್ತಿದರೂ ಇಳಿಯಲಿಲ್ಲ, ಗನ್ ಕೆಲಸ ಮಾಡುತ್ತಿತ್ತು ಅಂತ ಹೊಡೆಯುತ್ತಲೇ ಇದ್ದರು. ನಮ್ಮ ಕೆಡೆಟ್‌ಗಳಿಗೆ ಈ ಇಬ್ಬರ ಕಥೆ ಹೇಳದೆ ನಾನು ಟ್ಯಾಂಕ್ ಪಾಠ ಶುರು ಮಾಡುವುದಿಲ್ಲ. ಅಹಿಲ್ಯಾನಗರದಲ್ಲೇ ಟ್ಯಾಂಕ್ ಮ್ಯೂಸಿಯಂ ಇದೆ. ಮಗನನ್ನು ನೋಡಲು ಹೋದಾಗ ಮನೆಯವರೆಲ್ಲ ಒಮ್ಮೆ ನೋಡಿ ಬನ್ನಿ.

ಗೋಪಾಳದ ಹುಡುಗ
ಮೇಷ್ಟ್ರೇ, ಗೌರವವಿದೆ. ಆದರೆ ಅಸಲ್ ಉತ್ತರ್ ನನ್ನ ವಾದವನ್ನೇ ಹೇಳುತ್ತದೆ. ಅಗ್ಗದ ಆಯುಧ, ಧೈರ್ಯದ ಒಬ್ಬ ಮನುಷ್ಯ, ದುಬಾರಿ ಟ್ಯಾಂಕ್ ಹೋಯಿತು. ಇವತ್ತು ಜೀಪಿನ ಜಾಗದಲ್ಲಿ ಡ್ರೋನ್.

ಹೊಸನಗರದ ಗನ್ನರ್
ನಿನ್ನ ಮಾತನ್ನು ತಳ್ಳಿಹಾಕುವುದಿಲ್ಲ ತಮ್ಮಾ. ಆದರೆ ಅಲ್ಲಿ ಉಳಿದ ಪ್ಯಾಟನ್‌ಗಳಲ್ಲಿ ಬಹಳಷ್ಟನ್ನು ಕೆಡವಿದವು ನಮ್ಮ ಟ್ಯಾಂಕುಗಳೇ. ಪದಾತಿ ಜೊತೆಗಿಲ್ಲದೆ, ನೆಲ ನೋಡದೆ ನುಗ್ಗಿದ ಟ್ಯಾಂಕ್ ಆಗಲೂ ಉಳಿಯಲಿಲ್ಲ, ಈಗಲೂ ಉಳಿಯುವುದಿಲ್ಲ.

ಎದುರಾಳಿ ಬಿಟ್ಟದ್ದನ್ನು ಹಾರುತ್ತಿರುವಾಗಲೇ ಹೊಡೆದುಹಾಕುವ ವ್ಯವಸ್ಥೆ ಹೊಸದಲ್ಲ. ಸೋವಿಯತ್‌ನವರು ಡ್ರೋಜ್ಡ್ ಅಂತ 1980ರ ದಶಕದಲ್ಲೇ ಅಫ್ಘಾನಿಸ್ತಾನಕ್ಕೆ ಒಯ್ದಿದ್ದರು. ಇಸ್ರೇಲಿನ ಟ್ರೋಫಿ 2011ರಲ್ಲಿ ಗಾಜಾ ಗಡಿಯಲ್ಲಿ ಮೊದಲ ಬಾರಿಗೆ ನಿಜವಾದ ರಾಕೆಟ್ ತಡೆಯಿತು. ಚಿಕ್ಕ ರೇಡಾರ್ ನೋಡುತ್ತದೆ, ಲಾಂಚರ್ ತಿರುಗಿ ಚೂರುಗಳನ್ನು ಎದುರಿಗೆ ಹಾರಿಸುತ್ತದೆ. ಆ ಉದ್ದನೆ ಸರಳನ್ನು ತಡೆಯುವಷ್ಟು ವೇಗ ಅದಕ್ಕಿಲ್ಲ. ನೆತ್ತಿ ಮೇಲಿಂದ ಬೀಳುವುದನ್ನು ನೋಡಲು ಮೊದಲು ಅದನ್ನು ಮಾಡಿರಲಿಲ್ಲ, ಈಗ ತಿದ್ದುತ್ತಿದ್ದಾರೆ. ಹಲವು ದೇಶಗಳು ಟರೆಟ್ ಮೇಲೆ ಕಬ್ಬಿಣದ ಜಾಲರಿ ಕಟ್ಟುತ್ತಿವೆ.

ಗೋಪಾಳದ ಹುಡುಗ
ಜಾಲರಿ ಕೆಲವು ಸಲ ತಡೆಯುತ್ತದೆ, ಕೆಲವು ಸಲ ಇಲ್ಲ. ರೇಡಿಯೋ ಸಿಗ್ನಲ್ ಕೆಡಿಸುವ ಜಾಮರ್ ಹಾಕಿದರೆ ಆಪ್ಟಿಕಲ್ ಫೈಬರ್ ದಾರ ಬಿಚ್ಚಿಕೊಂಡು ಹಾರುವ ಡ್ರೋನ್ ಬಂದಿದೆ. ಅದಕ್ಕೆ ರೇಡಿಯೋ ಸಿಗ್ನಲ್ಲೇ ಬೇಡ.

ಹೊಸನಗರದ ಗನ್ನರ್
ಹೌದು. ಅದರ ಮುಂದೆ ಪೂರ್ತಿ ಉತ್ತರ ಇವತ್ತು ಯಾರ ಹತ್ತಿರವೂ ಇಲ್ಲ. ಆದರೆ ಡ್ರೋನ್ ಬಡಿದ ಟ್ಯಾಂಕ್ ನಿಂತುಹೋಗುವುದು ಬೇರೆ, ಒಳಗಿನವರು ಸಾಯುವುದು ಬೇರೆ. ಚೈನ್ ಹರಿದರೆ, ಎಂಜಿನ್ ಹೋದರೆ ಟ್ಯಾಂಕ್ ಮತ್ತೆ ರಿಪೇರಿ ಆಗುತ್ತದೆ. ಹುಡುಗರು ಇಳಿದು ಬಂದರೆ ನಾಳೆ ಬೇರೆ ಟ್ಯಾಂಕ್ ಹತ್ತುತ್ತಾರೆ. ಇದು ಗುಂಡು ಇಟ್ಟ ಜಾಗದ ಮೇಲೆ ನಿಂತಿದೆ.

ಸಾಗರದ ಟೀಚರ್
ಗನ್ನರ್ ಅವರೇ, ನಮ್ಮ ಹುಡುಗನ ಕೈಯಲ್ಲಿ ಕವಚ ಬದಲಿಸುವುದು ಇಲ್ಲ, ಡಿಸೈನ್ ಬದಲಿಸುವುದೂ ಇಲ್ಲ. ಅವನು ಟಿ-72 ಹತ್ತಿದ ಅಂತಲೇ ಇಟ್ಟುಕೊಳ್ಳಿ. ಅವನ ಕೈಯಲ್ಲಿ ಇರುವುದು ಏನು?

ಹೊಸನಗರದ ಗನ್ನರ್
ಬಹಳ ಇದೆ ಅಮ್ಮಾ.

ಎಷ್ಟು ಗುಂಡು ಒಯ್ಯಬೇಕು ಅನ್ನುವುದು ಮೇಲಿನವರ ತೀರ್ಮಾನ. ಕ್ಯಾರೊಸೆಲ್‌ನ 22 ಬಿಟ್ಟು ಮಿಕ್ಕ ಸಂದಿಗಳನ್ನು ಖಾಲಿ ಬಿಟ್ಟು ಹೋದ ಟ್ಯಾಂಕಿನಲ್ಲಿ ಹತ್ತಿಕೊಳ್ಳುವ ಅಪಾಯ ಎಷ್ಟೋ ಕಡಿಮೆ. ಒಯ್ಯಲೇಬೇಕಾದರೆ ಕ್ಯಾರೊಸೆಲ್ ಹೊರಗೆ ಸಡಿಲವಾಗಿರುವ ಚಾರ್ಜ್‌ಗಳನ್ನು ಮೊದಲು ಬಳಸಿ ಮುಗಿಸಬಹುದು. ಕೈಯಲ್ಲಿ ತುಂಬುವುದು ನಿಧಾನ, ಬೆನ್ನು ಹೋಗುತ್ತದೆ, ಆದರೂ ಸಮಯ ಇದ್ದರೆ ಮಾಡಬೇಕು.

ಬೆಂಕಿ ಆರಿಸುವ ಬಾಟಲಿಗಳ ಒತ್ತಡ ದಿನಾ ನೋಡಬೇಕು. ಸೆನ್ಸರ್ ಕನ್ನಡಿ ಮೇಲೆ ಎಣ್ಣೆ, ಧೂಳು ಕೂತಿದ್ದರೆ ಒರೆಸಬೇಕು. ಸೆಖೆ ಅಂತ ಓವರಾಲ್ ತೋಳು ಮಡಚಿ ಕೂರಬಾರದು. ಆ ಬಟ್ಟೆ ಬೆಂಕಿಯಲ್ಲಿ ಕೊಡುವ ಎರಡು ಮೂರು ಸೆಕೆಂಡಿನಲ್ಲೇ ಹ್ಯಾಚ್ (ಮೇಲಿನ ಮುಚ್ಚಳ) ತೆಗೆದು ಹೊರಗೆ ಬರಬೇಕಾಗಿರುವುದು. ಇಳಿಯುವುದನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಭ್ಯಾಸ ಮಾಡಲಿ. ಯಾವ ಕೈ ಎಲ್ಲಿ ಹಿಡಿಯಬೇಕು ಅಂತ ಮೈಗೆ ಗೊತ್ತಿರಬೇಕು.

ಇನ್ನೊಂದನ್ನು ಅವನಿಗೆ ತಪ್ಪದೆ ಹೇಳಿ. ಟಿ-72ರಲ್ಲಿ ಗನ್ ಕೆಲವು ಕೋನದಲ್ಲಿ ನಿಂತರೆ ಡ್ರೈವರ್‌ನ ಹ್ಯಾಚ್‌ಗೆ ಅಡ್ಡ ಬರುತ್ತದೆ, ಅವನು ಮೇಲಿನಿಂದ ಹೊರಗೆ ಬರಲಾರ. ಅವನ ಸೀಟಿನ ಹಿಂದೆ ನೆಲದಲ್ಲಿ ಒಂದು ಬಾಗಿಲಿದೆ, ಆದರೆ ಬೆಂಕಿಯ ನಡುವೆ ಅದನ್ನು ಬಿಚ್ಚಿ ತೆವಳಿಕೊಂಡು ಹೋಗುವುದು ಸುಲಭವಲ್ಲ. ಟರೆಟ್ ತಿರುಗಿಸುವ ಹಿಡಿ ಗನ್ನರ್ ಕೈಯಲ್ಲಿ ಇರುತ್ತದೆ. ಪೆಟ್ಟು ಬಿದ್ದ ಮೇಲೂ ಪವರ್ ಇದ್ದರೆ, ತಾನು ಇಳಿಯುವ ಮುಂಚೆ ಗನ್ ಪಕ್ಕಕ್ಕೆ ತಿರುಗಿಸಿ ಡ್ರೈವರ್ ಹ್ಯಾಚ್ ಬಿಡಿಸಿಕೊಡಬೇಕು. ಅದು ಗನ್ನರ್ ಕೆಲಸ.